ಪುಸ್ತಕ ಮುಚ್ಚಿ ಬರೆದದ್ದು

ಮನಶ್ಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ನಲವತ್ತಕ್ಕೆ ಒಂಬತ್ತು ಅಂಕ ಬಂದಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದಳು. ಎರಡು ಅಧ್ಯಾಯಗಳನ್ನು ನಾಲ್ಕು ನಾಲ್ಕು ಸಲ ತಿರುವಿಹಾಕಿದ್ದಳು. ಮುಖ್ಯ ಅನ್ನಿಸಿದ ಸಾಲಿಗೆಲ್ಲ ಹಳದಿ ಪೆನ್ನಿನಿಂದ ಗೆರೆ ಎಳೆದಿದ್ದಳು. ಎಳೆದು ಎಳೆದು ಕೊನೆಗೆ ಬಣ್ಣ ಬೀಳದ ಸಾಲೇ ಪುಸ್ತಕದಲ್ಲಿ ಉಳಿದಿರಲಿಲ್ಲ.

ಅವಳಿಗೆ ಮೂವತ್ತೆಂಟು ವರ್ಷ. ದೊಡ್ಡಾಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಇಸ್ತ್ರಿ ಯಂತ್ರದ ಮುಂದೆ ನಿಂತು ಕೆಲಸ. ಒದ್ದೆ ಹೊದಿಕೆಗಳನ್ನು ಎರಡು ತುದಿ ಹಿಡಿದು ಬಿಸಿ ಉರುಳೆಗೆ ಕೊಡಬೇಕು, ಆಚೆ ಬದಿಯಲ್ಲಿ ಬಂದದ್ದನ್ನು ಇನ್ನೊಬ್ಬಳು ಮಡಚಬೇಕು. ಮೇಲ್ವಿಚಾರಕಿಯ ಹುದ್ದೆಗೆ ಇನ್ನು ಮುಂದೆ ಪದವಿ ಬೇಕೇ ಬೇಕು ಎಂದು ಆಸ್ಪತ್ರೆಯವರು ನಿಯಮ ಮಾಡಿದ ಮೇಲೆ, ಅರ್ಧಕ್ಕೆ ಬಿಟ್ಟಿದ್ದ ಕಾಲೇಜಿಗೆ ಮತ್ತೆ ಹೆಸರು ಬರೆಸಿದ್ದಳು. ತರಗತಿಯಲ್ಲಿ ಉಳಿದವರೆಲ್ಲ ಹದಿನೆಂಟು ಹತ್ತೊಂಬತ್ತರವರು. ಮೊದಲ ದಿನವೇ ಅವಳಿಗೆ ‘ಇಸ್ತ್ರಿ ಅಕ್ಕ’ ಎಂದು ಹೆಸರು ಬಿತ್ತು. ಬೇಸರವಾಗಲಿಲ್ಲ, ಅಕ್ಕ ಅಂದರಲ್ಲ, ಆಂಟಿ ಅನ್ನಲಿಲ್ಲವಲ್ಲ ಎಂದುಕೊಂಡಳು.

ಪಾಠ ಮಾಡುತ್ತಿದ್ದ ಮೇಡಂ ಸಣ್ಣ ಆಳು, ದನಿ ಮಾತ್ರ ಕೊನೆಯ ಬೆಂಚಿನವರ ನಿದ್ದೆ ಕೆಡಿಸುವಂಥದ್ದು. ಉತ್ತರಪತ್ರಿಕೆ ಕೊಟ್ಟ ದಿನ ಅವಳನ್ನು ನಿಲ್ಲಿಸಿಕೊಂಡು, "ಪುಸ್ತಕ ತೋರಿಸಿ," ಅಂದರು. ಹಳದಿ ಹಾಳೆಗಳನ್ನು ಮಗುಚಿ ನೋಡಿ ನಕ್ಕರು.

"ಇದು ಓದಿದ್ದಲ್ಲಮ್ಮ, ಗೋಡೆಗೆ ಸುಣ್ಣ ಬಳಿದ ಹಾಗೆ ಬಣ್ಣ ಬಳಿದಿದ್ದು."

"ಓದುವಾಗ ಎಲ್ಲ ಗೊತ್ತಿದೆ ಅನ್ಸುತ್ತೆ ಮೇಡಂ. ಪರೀಕ್ಷೇಲಿ ಕೂತ್ರೆ ತಲೆ ಖಾಲಿ."

"ಅನ್ಸೋದೇ ತೊಂದರೆ. ಕಣ್ಣಿಗೆ ಪರಿಚಯ ಆಗಿದ್ದನ್ನ ಮನಸ್ಸು ಗೊತ್ತಿದೆ ಅಂತ ತಿಳ್ಕೊಳ್ಳುತ್ತೆ. ಇವತ್ತಿಂದ ಹೀಗೆ ಮಾಡಿ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ. ಖಾಲಿ ಹಾಳೆ ಮೇಲೆ ನೆನಪಿದ್ದಷ್ಟು ಬರೀರಿ. ಪ್ರತಿ ಉತ್ತರದ ಪಕ್ಕ ನಿಮಗೆಷ್ಟು ಖಾತ್ರಿ ಅಂತ ಒಂದರಿಂದ ಐದರ ತನಕ ಒಂದು ಅಂಕಿ ಹಾಕಿ. ಆಮೇಲೆ ಪುಸ್ತಕ ತೆಗೆದು ಹೋಲಿಸಿ. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಒಂದೇ ಸಲ ಕೂತು ಗುದ್ದಾಡಬೇಡಿ."

"ಅಂಕಿ ಯಾಕೆ ಮೇಡಂ?"

"ಐದು ಹಾಕಿದ ಕಡೆ ಎಷ್ಟು ಸಲ ತಪ್ಪಿರುತ್ತೆ ಅಂತ ನೀವೇ ನೋಡ್ತೀರಿ."

ಅವಳು ಹೇಳಿದ ಮಾತು ಕೇಳುವ ಹೆಂಗಸು. ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಅಂಗೈಯಗಲದ ಚೀಟಿಗಳನ್ನು ಮಾಡಿದಳು. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಆರೇಳು ಚೀಟಿ ಏಪ್ರನ್ನಿನ ಜೇಬಿನಲ್ಲಿ. ಉರುಳೆಗೆ ಮೂವತ್ತು ಹೊದಿಕೆ ಕೊಟ್ಟ ಮೇಲೆ ಒಂದು ಚೀಟಿ ತೆಗೆದು ಪ್ರಶ್ನೆ ಓದುವುದು, ಮುಂದಿನ ಮೂವತ್ತು ಹೊದಿಕೆ ಮುಗಿಯುವಷ್ಟರಲ್ಲಿ ಉತ್ತರವನ್ನು ಮನಸ್ಸಿನಲ್ಲೇ ಕಟ್ಟುವುದು. ಆಚೆ ಬದಿಯಲ್ಲಿ ಮಡಚುವವಳು, "ಯಾರ ಜೊತೆ ಮಾತಾಡ್ತಿದ್ದೀಯೇ?" ಎಂದು ಕೂಗುತ್ತಿದ್ದಳು. ಬಸ್ಸಿನಲ್ಲಿ, ಊಟದ ಕೊಠಡಿಯಲ್ಲಿ, ವೈದ್ಯರು ಅಮ್ಮನ ಮಂಡಿ ನೋಡಲು ಕರೆಯುವವರೆಗೂ ಹೊರಗೆ ಬೆಂಚಿನಲ್ಲಿ, ಎಲ್ಲ ಕಡೆಯೂ ಚೀಟಿ. ತರಗತಿಯಲ್ಲಿ ಪಕ್ಕದಲ್ಲಿ ಕೂರುವ, ಬಾಯಿಗೆ ಬಿಡುವೇ ಕೊಡದ ಹುಡುಗಿಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳುವುದೂ ಶುರುವಾಯಿತು.

ಎರಡನೇ ಪರೀಕ್ಷೆಯಲ್ಲಿ ಇಪ್ಪತ್ತಾರು ಬಂತು. ಮೂರನೆಯದರಲ್ಲಿ ಮೂವತ್ತಮೂರು. ಅಂಕಕ್ಕಿಂತ ಅವಳನ್ನು ಹಿಡಿದಿಟ್ಟದ್ದು ಆ ಖಾತ್ರಿಯ ಅಂಕಿಗಳು. ಐದು ಹಾಕಿದ ಉತ್ತರಗಳಲ್ಲಿ ನಾಲ್ಕಕ್ಕೊಂದು ತಪ್ಪಿರುತ್ತಿತ್ತು. ಅನುಮಾನವೇ ಇಲ್ಲ ಎಂದು ಬರೆದದ್ದು, ಕಣ್ಣಿಗೆ ಪುಟದ ಮೂಲೆ ಸಮೇತ ಕಂಡದ್ದು, ಪುಸ್ತಕ ತೆರೆದರೆ ಅಲ್ಲಿ ಇರುತ್ತಲೇ ಇರಲಿಲ್ಲ. ಮೊದಮೊದಲು ನಗು ಬರುತ್ತಿತ್ತು. ಆರನೇ ಅಧ್ಯಾಯದ ಹೊತ್ತಿಗೆ ನಗು ನಿಂತಿತು.

ಆರನೇ ಅಧ್ಯಾಯ ನೆನಪಿನ ಮೇಲಿತ್ತು. ನೆನಪು ಪೆಟ್ಟಿಗೆಯಲ್ಲಿ ಇಟ್ಟ ಬಟ್ಟೆಯಲ್ಲ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಹೊಲಿಯುವಂಥದ್ದು ಎಂದರು ಮೇಡಂ. ಆಮೇಲೆ ಕೇಳಿದ ಮಾತು ಮೊದಲು ಕಂಡದ್ದರೊಳಗೆ ಸೇರಿಕೊಳ್ಳುತ್ತದೆ, ಸೇರಿದ ಮೇಲೆ ಹೊಲಿಗೆ ಕಾಣುವುದಿಲ್ಲ. ನಂತರ ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಗಳ ವಿಷಯಕ್ಕೆ ಬಂದರು. ಫೋಟೋ ತೋರಿಸುವವನು ‘ಸರಿಯಾಗಿ ಗುರುತಿಸಿದ್ರಿ’ ಎಂದು ಒಂದೇ ಒಂದು ಮಾತು ಹೇಳಿದರೂ ಸಾಕು, ಸಾಕ್ಷಿಯ ಖಾತ್ರಿ ಏರುತ್ತದೆ, ತಾನು ಎಷ್ಟು ಸ್ಪಷ್ಟವಾಗಿ ನೋಡಿದೆ ಎಂಬ ನೆನಪೂ ಜೊತೆಗೆ ಬದಲಾಗುತ್ತದೆ.

ಅವಳು ಪೆನ್ನು ಕೆಳಗಿಟ್ಟಳು. ಗಿಣಿ ತಿರುಗಿ ನೋಡಿ, "ಏನಕ್ಕಾ, ಹುಷಾರಿಲ್ವಾ?" ಎಂದು ಕೇಳಿದ್ದಕ್ಕೆ ತಲೆಯಾಡಿಸಿ ಹೊರಗೆ ಹೋದಳು. ನಲ್ಲಿಯ ಕೆಳಗೆ ಮುಖ ಹಿಡಿದು ತುಂಬ ಹೊತ್ತು ನಿಂತಳು.

ಹನ್ನೊಂದು ವರ್ಷದ ಹಿಂದೆ ಅವಳ ಅಣ್ಣನನ್ನು ಮನೆಯ ಹಿಂದಿನ ಗಲ್ಲಿಯಲ್ಲಿ ಯಾರೋ ಕಬ್ಬಿಣದ ಸರಳಿನಿಂದ ಹೊಡೆದು ಕೊಂದಿದ್ದರು. ಅಣ್ಣ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದವನು. ಸಂಜೆಯ ಮಬ್ಬಿನಲ್ಲಿ ಕೂಗು ಕೇಳಿ ಅವಳು ಎರಡನೇ ಮಹಡಿಯ ಕಿಟಕಿಯಿಂದ ಇಣುಕಿದ್ದಳು. ಅಣ್ಣ ಕೆಲಸ ಮಾಡುತ್ತಿದ್ದ ಕಟ್ಟಡದ, ಅವಳು ಎಂದೂ ನೋಡಿರದ ಪೇಂಟರ್ ಒಬ್ಬನಿಗೂ ಅಣ್ಣನಿಗೂ ಹಿಂದಿನ ವಾರವಷ್ಟೇ ಒಂದು ಏಣಿಯ ವಿಷಯಕ್ಕೆ ಕೈ ಕೈ ಮಿಲಾಯಿಸುವ ಜಗಳವಾಗಿತ್ತು. ಪೇಂಟರನ ಏಣಿಯನ್ನು ಕೇಳದೆ ಒಯ್ದು ಅಣ್ಣ ಅದರ ಎರಡು ಮೆಟ್ಟಿಲು ಮುರಿದಿದ್ದ. ಪೊಲೀಸರು ತೋರಿಸಿದ ಫೋಟೋಗಳಲ್ಲಿ ಅವಳು ಪೇಂಟರನನ್ನು ಗುರುತಿಸಿದಳು. ಕೋರ್ಟಿನಲ್ಲಿ ಕೈ ಎತ್ತಿ ತೋರಿಸಿ, "ಇವರೇ. ಓಡೋ ಮುಂಚೆ ತಲೆ ಎತ್ತಿ ನನ್ನನ್ನ ನೋಡಿದ್ರು. ಸಾಯೋ ತನಕ ಆ ಮುಖ ಮರೆಯಲ್ಲ," ಎಂದಳು. ಬೇರೆ ಸಾಕ್ಷಿ ಇರಲಿಲ್ಲ. ಪೇಂಟರನಿಗೆ ಹದಿನಾಲ್ಕು ವರ್ಷ ಶಿಕ್ಷೆಯಾಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಅಮ್ಮ ಮಲಗಿದ್ದಾಗ ಅವಳು ಅಡುಗೆಮನೆಯ ಮೇಜಿನ ಮೇಲೆ ಖಾಲಿ ಹಾಳೆ ಹರಡಿಕೊಂಡಳು. ಆ ಸಂಜೆ ಕಂಡದ್ದನ್ನೆಲ್ಲ ಒಂದರ ಕೆಳಗೊಂದು ಬರೆದಳು. ಗಂಡಸು ಒಬ್ಬ. ಕಂದು ಅಂಗಿ. ಬಲಗೈಯಲ್ಲಿ ಸರಳು. ಪ್ಯಾಂಟಿನ ಮೇಲೆ ಬಿಳಿ ಬಣ್ಣದ ಕಲೆ. ಮುಖ ಎತ್ತಿದ, ಎಡಹುಬ್ಬಿನ ಮೇಲೆ ಗಾಯದ ಗುರುತು. ಪಕ್ಕದಲ್ಲಿ ಐದು, ಐದು, ಐದು, ಐದು, ಐದು. ಒಂದಕ್ಕೂ ನಾಲ್ಕು ಹಾಕಲು ಮನಸ್ಸು ಒಪ್ಪಲಿಲ್ಲ.

ಕೇಸಿನ ಕಾಗದಗಳೆಲ್ಲ ಅಮ್ಮನ ಬೀರುವಿನಲ್ಲಿ, ಅಣ್ಣನ ಅಂಗಿಗಳ ಕೆಳಗೆ ಬಟ್ಟೆಯ ಚೀಲದಲ್ಲಿದ್ದವು. ಸದ್ದಾಗದಂತೆ ಚೀಲ ತಂದಳು. ಕೊಲೆಯಾಗಿ ಎರಡು ಗಂಟೆಯೊಳಗೆ ಪೊಲೀಸರು ಬರೆದುಕೊಂಡಿದ್ದ ಮೊದಲ ಹೇಳಿಕೆಯ ಪ್ರತಿ ಮಧ್ಯದಲ್ಲೆಲ್ಲೋ ಸಿಕ್ಕಿತು. ಕೆಳಗೆ ಅವಳದೇ ಸೊಟ್ಟ ಸಹಿ.

‘ಒಬ್ಬನೋ ಇಬ್ಬರೋ ಸರಿಯಾಗಿ ತಿಳಿಯಲಿಲ್ಲ. ಎತ್ತರದ ವ್ಯಕ್ತಿ. ಬೆನ್ನು ಮಾತ್ರ ಕಂಡಿತು. ಮುಖ ನೋಡಲಿಲ್ಲ. ಬಟ್ಟೆಯ ಬಣ್ಣ ಹೇಳಲಾರೆ, ಕತ್ತಲಾಗಿತ್ತು.’

ಓದಿದಳು. ಇನ್ನೊಂದು ಸಲ ಓದಿದಳು. ಮುಖ ನೋಡಲಿಲ್ಲ ಎಂಬ ಎರಡು ಪದಗಳ ಮೇಲೆ ಬೆರಳಿಟ್ಟು ಕೂತಳು. ಹಾಗೆ ಹೇಳಿದ ನೆನಪು ಎಳ್ಳಷ್ಟೂ ಇರಲಿಲ್ಲ. ನೆನಪಾದದ್ದು ಬೇರೆ: ಒಂಬತ್ತು ದಿನ ಕಳೆದ ಮೇಲೆ ಪೊಲೀಸ್ ಅಧಿಕಾರಿ ಮೇಜಿನ ಮೇಲೆ ಆರು ಫೋಟೋ ಜೋಡಿಸಿದ್ದು, ಅವಳು ಮೂರನೆಯದರ ಮೇಲೂ ಐದನೆಯದರ ಮೇಲೂ ಕೈ ಆಡಿಸಿದ್ದು, ಐದನೆಯದರ ಹತ್ತಿರ ಅವಳ ಕೈ ತಡೆದಾಗ ಅಧಿಕಾರಿ ಉಸಿರು ಬಿಟ್ಟು, "ಅವನೇ ನೋಡಮ್ಮ, ಸರಿಯಾಗಿ ಹಿಡಿದೆ," ಅಂದದ್ದು. ಆ ಫೋಟೋದಲ್ಲಿ ಪೇಂಟರನ ಎಡಹುಬ್ಬಿನ ಮೇಲೆ ಗಾಯದ ಗುರುತಿತ್ತು.

"ಏನು ಮಾಡ್ತಿದ್ದೀಯಾ ಅದನ್ನ?"

ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಮಂಡಿ ನೋವಿನಿಂದ ಗೋಡೆ ಹಿಡಿಯದೆ ನಡೆಯಲಾರಳು. ಮಗಳು ಇದ್ದದ್ದು ಇದ್ದ ಹಾಗೆ ಹೇಳಿದಳು.

"ಅವನಲ್ದಿದ್ರೆ ಮತ್ಯಾರು?" ಅಂದಳು ಅಮ್ಮ.

"ನಂಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂತ ಹೇಳೋಕೆ ಓದ್ತಿದ್ದೀಯಾ? ಹನ್ನೊಂದು ವರ್ಷದಿಂದ ಒಂದು ತುತ್ತು ಗಂಟಲಲ್ಲಿ ಇಳೀತಿದ್ರೆ ಅದು ಅವನು ಒಳಗಿದಾನೆ ಅಂತ. ಅದನ್ನೂ ಕಿತ್ಕೊಳ್ತೀಯಾ?"

"ನಾನು ಮುಖ ನೋಡಿಲ್ಲ ಅಂತ ಅವತ್ತೇ ಹೇಳಿದೀನಿ. ಇಲ್ಲಿ ಬರೆದಿದೆ."

"ಅವತ್ತು ನಿಂಗೆ ಬುದ್ಧಿ ನೆಟ್ಟಗಿರಲಿಲ್ಲ. ರಕ್ತ ನೋಡಿದ್ದೆ. ಆಮೇಲೆ ನೆನಪು ಬಂತು, ಹೇಳಿದೆ. ಅಷ್ಟೇ." ಅಮ್ಮ ಮೇಜಿನವರೆಗೆ ಬಂದು ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. ಅಂಕಿ ಬರೆದಿದ್ದ ಹಾಳೆಯನ್ನು ಮಾತ್ರ ಹರಿದಳು. ನಾಲ್ಕಾಗಿ, ಎಂಟಾಗಿ, ಇನ್ನು ಹರಿಯಲು ಬಾರದಷ್ಟು ಸಣ್ಣದಾಗಿ.

ಅವಳು ಎರಡು ವಾರ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಉರುಳೆಯ ಮುಂದೆ ಚೀಟಿ ತೆಗೆಯುವುದನ್ನು ಬಿಡಲಿಲ್ಲ. ಬಿಟ್ಟರೆ ತಲೆ ಬೇರೆ ಕಡೆ ಹೋಗುತ್ತಿತ್ತು. ಕೊನೆಗೆ ಒಂದು ಸಂಜೆ ಮೇಡಂ ಕೊಠಡಿಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿ ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನಾನು ಪರೀಕ್ಷೆಗೆ ಓದೋದು ಹೇಗೆ ಅಂತ ಹೇಳ್ಕೊಟ್ಟೆ, ಅಷ್ಟೇ," ಅಂದರು. "ಅವನಲ್ಲ ಅಂತಲೂ ನಿಮಗೆ ಗೊತ್ತಿಲ್ಲ, ಅಲ್ವಾ?"

"ಇಲ್ಲ."

"ಹಾಗಾದ್ರೆ ಅಷ್ಟೇ ಹೇಳಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ. ಅದು ಸುಲಭ ಅಲ್ಲ."

ಪೇಂಟರನ ಪರವಾಗಿ ಅಂದು ವಾದಿಸಿದ್ದ ವಕೀಲ ಈಗ ಮುದುಕ, ಕಚೇರಿ ಮೆಟ್ಟಿಲ ಕೆಳಗಿನ ಒಂದು ಗೂಡು. ಅವಳ ಮಾತು ಕೇಳಿ ಅವನು ಸಂತೋಷಪಡಲಿಲ್ಲ. ಆ ಮೊದಲ ಹೇಳಿಕೆಯನ್ನು ತಾನು ಅಂದೇ ತೋರಿಸಿದ್ದೆ, ಗಾಬರಿಯಲ್ಲಿ ಕೊಟ್ಟದ್ದೆಂದು ಕೋರ್ಟು ಬದಿಗಿಟ್ಟಿತು ಎಂದ. "ಈಗ ನೀವೇ ಪ್ರಮಾಣಪತ್ರ ಕೊಟ್ರೆ ಮರುವಿಚಾರಣೆಗೆ ಅರ್ಜಿ ಹಾಕಬಹುದು. ಮೊದಲು ಅವನನ್ನ ನೋಡಿ ಬನ್ನಿ. ಅವನ ಸಹಿ ಬೇಕು."

ಜೈಲಿನ ಭೇಟಿ ಕೊಠಡಿಯ ಗೋಡೆಗಳಿಗೆ ತಿಳಿ ಹಸಿರು ಬಣ್ಣ, ಅಂಚುಗಳು ದಾರ ಹಿಡಿದು ಎಳೆದಷ್ಟು ನೇರ. ಜಾಲರಿಯ ಆಚೆ ಬಂದು ಕೂತವನ ತಲೆ ಪೂರ್ತಿ ನರೆತಿತ್ತು. ಅವಳು ಗುರುತು ಹಿಡಿದದ್ದು ಹುಬ್ಬಿನ ಗಾಯದಿಂದ. ಅವನು ಎತ್ತರದವನಲ್ಲ ಎಂಬುದನ್ನೂ ಅವಳು ಆಗಲೇ ಮೊದಲ ಸಲ ಗಮನಿಸಿದ್ದು. ನಿಂತರೆ ಅವಳಿಗಿಂತ ಎರಡು ಬೆರಳು ಹೆಚ್ಚಿದ್ದಾನು, ಅಷ್ಟೆ.

"ವೈರಿಂಗ್‌ನವನ ತಂಗಿ ಅಲ್ವಾ ನೀನು," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಗೋಡೆ ನೋಡ್ತಿದ್ದೀಯಾ? ನಾನೇ ಹೊಡೆದಿದ್ದು. ಬ್ರಷ್ಷು ಒಂದೂ ಒಳ್ಳೇದಿಲ್ಲ ಇಲ್ಲಿ."

ಅವಳು ಕಂಠಪಾಠ ಮಾಡಿಕೊಂಡು ಬಂದಿದ್ದಳು, ಆದರೂ ಮಾತು ತಡವರಿಸಿತು. ಮುಖ ನೋಡಿರಲಿಲ್ಲ, ಬೆನ್ನು ಮಾತ್ರ, ಫೋಟೋ ನೋಡಿದ ಮೇಲೆ ಮುಖ ಬಂದು ಕೂತಿತು, ಬೇಕೆಂದು ಸುಳ್ಳು ಹೇಳಲಿಲ್ಲ, ಕಾಲೇಜಿನ ಪರೀಕ್ಷೆಗೆ ಓದುವಾಗ ಇದು ಗೊತ್ತಾಯಿತು. ಎಲ್ಲ ಹೇಳಿ, "ನಾನಲ್ಲ ಅಂತ ಕೋರ್ಟಲ್ಲಿ ಹೇಳಿದ್ರಲ್ಲ, ಅದು..." ಎಂದು ನಿಲ್ಲಿಸಿದಳು.

ಪೇಂಟರ್ ಜಾಲರಿಯ ಮೇಲೆ ಬೆರಳಾಡಿಸಿದ.

"ಮೊದಲ ಮೂರು ವರ್ಷ ದಿನಾ ಹೇಳ್ತಿದ್ದೆ, ನಾನಲ್ಲ ನಾನಲ್ಲ ಅಂತ. ಆಮೇಲೆ ಇಲ್ಲೊಬ್ರು ಬಂದ್ರು. ಮನಸ್ಸು ತಿದ್ದೋರು. ತಪ್ಪು ಒಪ್ಕೊಂಡು ಪಶ್ಚಾತ್ತಾಪ ತೋರಿಸಿದ್ರೆ ಶಿಕ್ಷೇಲಿ ಆರು ತಿಂಗಳು ಕಮ್ಮಿ ಮಾಡಿಸ್ತೀವಿ ಅಂದ್ರು. ತಿಂಗಳಿಗೊಂದ್ಸಲ ಕೂರಿಸಿ, ನೀನು ಕೋರ್ಟಲ್ಲಿ ಹೇಳಿದ್ದನ್ನ ಓದಿ ಹೇಳಿ ಕೇಳೋರು. ಕಣ್ಣು ಮುಚ್ಚು, ಆ ಗಲ್ಲಿ ನೋಡು, ಸರಳು ಎಲ್ಲಿಂದ ತಗೊಂಡೆ, ಮೊದಲ ಏಟು ಎಲ್ಲಿ ಬಿತ್ತು. ನಾನೂ ಹೇಳ್ತಾ ಬಂದೆ. ಮಗಳ ಮದುವೆ ಹೊತ್ತಿಗೆ ಹೊರಗಿರಬೇಕು ಅಂತ ಆಸೆ. ಬರೆದೂ ಕೊಟ್ಟೆ, ಸಹಿ ಹಾಕಿ."

"ಆದ್ರೆ ಅದು ನಿಜ ಅಲ್ವಲ್ಲ?"

"ಅದೇ ಕೇಳ್ಬೇಡ ನನ್ನ." ಅವನು ತಲೆ ಎತ್ತಿ ಅವಳ ಮುಖ ನೋಡಿದ. "ಅವತ್ತು ಸಂಜೆ ಜ್ವರ ಅಂತ ಮನೇಲಿ ಮಲಗಿದ್ದೆ ಅಂತ ಕೋರ್ಟಲ್ಲಿ ಹೇಳಿದ್ದೆ. ಈಗ ಕಣ್ಣು ಮುಚ್ಚಿದ್ರೆ ಹಾಸಿಗೆ ಕಾಣಲ್ಲ. ಗಲ್ಲಿ ಕಾಣುತ್ತೆ. ಸರಳಿನ ತುಕ್ಕು ಅಂಗೈಗೆ ಹತ್ತಿದ್ದು ಕಾಣುತ್ತೆ. ನಿನ್ನ ಕಿಟಕೀನೂ ಕಾಣುತ್ತೆ, ಅದರಲ್ಲಿ ನೀನು. ಅದು ನಡೆದದ್ದೋ, ಅವರ ಮುಂದೆ ಹೇಳಿ ಹೇಳಿ ಕೂಡಿಸ್ಕೊಂಡಿದ್ದೋ, ನಂಗೇ ತಿಳಿಯಲ್ಲ. ನೀನು ಬಂದು ಹೇಳ್ತೀಯೇನೋ ಅಂತಿದ್ದೆ."

ಅವಳು ಕ್ಷಮೆ ಕೇಳಲು ಬಂದಿದ್ದಳು. ಯಾರ ಹತ್ತಿರ, ಯಾವುದಕ್ಕೆ ಎಂದು ಈಗ ತಿಳಿಯಲಿಲ್ಲ. ಇವನ ಕೈಯಿಂದಲೇ ಅಣ್ಣ ಸತ್ತಿದ್ದರೆ? ಸತ್ತಿಲ್ಲದಿದ್ದರೆ? ಎರಡಕ್ಕೂ ಒಂದೇ ಮುಖ, ಅದೂ ತಾನೇ ಕೊಟ್ಟದ್ದು. "ಅರ್ಜಿಗೆ ಸಹಿ ಹಾಕಿ," ಎಂದಷ್ಟೇ ಹೇಳಿದಳು. ಅವನು ಹಾಕಿದ.

ಪ್ರಮಾಣಪತ್ರ ಕೊಟ್ಟ ಸುದ್ದಿ ತಿಳಿದ ದಿನ ಅಮ್ಮ ತನ್ನ ಬಟ್ಟೆ, ಔಷಧಿ, ಕೇಸಿನ ಚೀಲ ತೆಗೆದುಕೊಂಡು ಚಿಕ್ಕಮ್ಮನ ಮನೆಗೆ ಹೊರಟಳು. ಹೊಸ್ತಿಲಲ್ಲಿ ಬೆನ್ನು ಹಾಕಿಯೇ ನಿಂತು, "ಒಬ್ಬನನ್ನ ಅವನು ಕೊಂದ. ಉಳಿದಿದ್ದನ್ನ ನೀನು," ಅಂದಳು. ಅವಳು ಕೈ ಹಿಡಿದು ಮೆಟ್ಟಿಲಿಳಿಸಲು ಹೋದರೆ ಅಮ್ಮ ಕೈ ಕೊಡಲಿಲ್ಲ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮೇಲೆ ನಿಂತು ಅವಳು ಆ ಸದ್ದನ್ನು ಕೊನೆಯ ಮೆಟ್ಟಿಲವರೆಗೂ ಕೇಳಿಸಿಕೊಂಡಳು.

ವಿಚಾರಣೆ ನಡೆದದ್ದು ಒಂದೇ ದಿನ. ಸರ್ಕಾರಿ ವಕೀಲ ಅವಳನ್ನು ಕೇಳಿದ, "ಹಾಗಾದ್ರೆ ಆಗ ಸುಳ್ಳು ಹೇಳಿದ್ರಾ, ಈಗ ಹೇಳ್ತಿದ್ದೀರಾ?"

"ಆಗ ಸುಳ್ಳು ಹೇಳಲಿಲ್ಲ. ಆದ್ರೆ ಹೇಳಿದ್ದು ನಾನು ಕಂಡಿದ್ದಲ್ಲ."

"ಈ ಜ್ಞಾನ ನಿಮಗೆ ಯಾವಾಗ ಬಂತು?"

"ಕಾಲೇಜಿನಲ್ಲಿ. ಆರನೇ ಅಧ್ಯಾಯ ಓದುವಾಗ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸರ್ಕಾರಿ ವಕೀಲ ನಗಲಿಲ್ಲ. ಮೇಜಿನಿಂದ ಎರಡು ಹಾಳೆ ತೆಗೆದು ನ್ಯಾಯಾಧೀಶರಿಗೆ ಕೊಟ್ಟ. ಜೈಲಿನಲ್ಲಿ ಪೇಂಟರ್ ಬರೆದುಕೊಟ್ಟಿದ್ದ ತಪ್ಪೊಪ್ಪಿಗೆ. ಗಲ್ಲಿ, ಸರಳು, ಏಟು, ಕಿಟಕಿಯಲ್ಲಿದ್ದ ಹುಡುಗಿ, ಎಲ್ಲ ಅದರಲ್ಲಿತ್ತು. ಅವಳು ಕೋರ್ಟಿನಲ್ಲಿ ಹಿಂದೆ ಹೇಳಿದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂದು ವಕೀಲ ಒಂದೊಂದು ಸಾಲನ್ನೂ ಹೋಲಿಸಿ ಓದಿದ. ವ್ಯತ್ಯಾಸ ಎಲ್ಲಿಂದ ಬರಬೇಕು, ಅವರು ಅವನಿಗೆ ಓದಿ ಹೇಳಿದ್ದೇ ನನ್ನ ಮಾತನ್ನಲ್ಲವೇ ಎಂದು ಹೇಳಲು ಅವಳು ಎದ್ದಳು. ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು ಎಂದು ಕೂರಿಸಿದರು. ಇಪ್ಪತ್ತು ದಿನದ ಮೇಲೆ ಅರ್ಜಿ ವಜಾ ಆಯಿತು.

ಅದರ ಮಾರನೇ ವಾರವೇ ವಾರ್ಷಿಕ ಪರೀಕ್ಷೆ. ಕೋರ್ಟಿನ ಸುದ್ದಿ ಕೇಳಿದ್ದ ಗಿಣಿ ತಾನೇ ಮನೆಗೆ ಬಂದು, ಎಂದಿನಂತೆ ವಟಗುಟ್ಟದೆ, ಮೂರು ಸಂಜೆ ಎದುರಿಗೆ ಕೂತು ಪ್ರಶ್ನೆ ಕೇಳಿದಳು. ಆರನೇ ಅಧ್ಯಾಯದ ಚೀಟಿಗಳು ಬಂದಾಗ ಬದಿಗಿಡಲು ಹೋದಳು. "ಕೇಳು," ಅಂದಳು ಇವಳು. ಪರೀಕ್ಷೆಯಲ್ಲಿ ಸಾಕ್ಷಿಗಳ ನೆನಪಿನ ಬಗ್ಗೆ ಹತ್ತು ಅಂಕದ ಪ್ರಶ್ನೆಯೇ ಬಂತು. ಹಿಂದೆ ಮುಂದೆ ನೋಡದೆ ಒಂದೂವರೆ ಪುಟ ಬರೆದಳು, ಪುಸ್ತಕದಲ್ಲಿ ಇದ್ದಷ್ಟನ್ನೇ.

ಫಲಿತಾಂಶ ಬಂದ ಮೇಲಿನ ಶನಿವಾರ ಅವಳು ಜೈಲಿಗೆ ಹೋದಳು. ಅರ್ಜಿಯ ವಿಷಯವನ್ನು ವಕೀಲ ಪತ್ರ ಬರೆದು ತಿಳಿಸಿದ್ದ, ಆದರೂ ತಾನೇ ಹೋಗಿ ಮುಖ ಕೊಟ್ಟು ಹೇಳಬೇಕು ಅನ್ನಿಸಿತ್ತು. ಪೇಂಟರ್ ತಲೆಯಾಡಿಸಿದ. ಇನ್ನು ಎರಡೂವರೆ ವರ್ಷ, ಕಳೆದುಹೋಗುತ್ತೆ ಅಂದ. ಮಗಳಿಗೆ ಈಗಾಗಲೇ ಮದುವೆಯಾಗಿದೆಯಂತೆ. ಅವನನ್ನು ಕರೆಯುವ ಪ್ರಶ್ನೆಯೇ ಇರಲಿಲ್ಲ.

"ನಿನ್ನ ಪರೀಕ್ಷೆ ಏನಾಯ್ತು?" ಎಂದು ಕೇಳಿದ ಅವನು.

"ನೂರಕ್ಕೆ ಎಂಬತ್ತೊಂದು."

"ಒಳ್ಳೇದಾಯ್ತು," ಅಂದ. "ನಮ್ಮಿಬ್ಬರಲ್ಲಿ ಒಬ್ರಾದ್ರೂ ಪಾಸಾದ್ರಲ್ಲ."

ಅದನ್ನು ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ಅವನ ಮುಖದಿಂದ ತಿಳಿಯಲಿಲ್ಲ. ಗಂಟೆ ಬಾರಿಸುವ ಮೊದಲೇ ಅವನು ಎದ್ದು ಒಳಗೆ ನಡೆದ. ಅವಳಿಗೆ ಕಂಡದ್ದು ಬೆನ್ನು.